ಇವತ್ತು ಫೋನ್ ಬಾರದಿರಲಿ

ಆಗಸ್ಟ್ ೧೭, ಭಾನುವಾರ ರಾತ್ರಿ. ಮಿರ್ದಿಫ್.

ಮಾಡಬೇಡ ಅಂದದ್ದನ್ನೇ ಮಾಡಿದೆ.

ಅಮೆರಿಕದ ಆ ದೊಡ್ಡ ಯೂನಿವರ್ಸಿಟಿಯಲ್ಲಿ ದೀಪ್ತಿಗೆ ಹುಡುಗಿಯರ ಸಂಘವೊಂದಕ್ಕೆ ಸೇರುವ ಹುಚ್ಚು. ಸೊರೊರಿಟಿಯಂತೆ. ಒಂದೊಂದು ಸಂಘಕ್ಕೂ ಒಂದೊಂದು ಮನೆ; ವಾರವಿಡೀ ಆ ಮನೆಗಳಿಗೆಲ್ಲ ಹೋಗಿ ನಕ್ಕು ನಕ್ಕು ಮಾತಾಡಿ ಬಂದಿದ್ದಾಳೆ. ಇವತ್ತು ತೀರ್ಮಾನ. ಯಾವ ಮನೆಗೂ ಬೇಡವಾದವರಿಗೆ ಮಾತ್ರ ಬೆಳಿಗ್ಗೆ ಫೋನ್ ಬರುತ್ತದಂತೆ. ಮಧ್ಯಾಹ್ನದವರೆಗೆ ಬಾರದಿದ್ದರೆ ಗೆದ್ದ ಹಾಗೆ.

"ಅಮ್ಮ, ಪ್ಲೀಸ್, ನಾಳೆ ನೀನು ಕಾಲ್ ಮಾಡ್ಬೇಡ. ರಿಂಗ್ ಆದ್ರೆ ಸತ್ತೇ ಹೋಗ್ತೇನೆ" ಎಂದು ನಿನ್ನೆ ಹೇಳಿದ್ದಳು.

ಊಟ ಮುಗಿಸಿದ ಇವರು, "ಹುಡುಗಿ ಏನಾದ್ರೂ ತಿಂದಿದ್ದಾಳಾ ಕೇಳು ಮಾರಾಯ್ತಿ" ಎಂದರು. ಇಲ್ಲಿ ರಾತ್ರಿಯಾದರೆ ಅಲ್ಲಿ ಬೆಳಿಗ್ಗೆ; ದಿನಾ ಈ ಹೊತ್ತಿಗೆ ಕಾಲ್ ಮಾಡಿ ರೂಢಿಯಾದ ಕೈ, ಒತ್ತಿಬಿಟ್ಟಿತು.

ಯಾರೆಂದೂ ನೋಡದೆ ಎತ್ತಿದಳು. "ಯೆಸ್, ದಿಸ್ ಈಸ್ ದೀಪ್ತಿ." ಎಷ್ಟು ಸಣ್ಣ ಸ್ವರ! ನನ್ನೊಡನೆ ಅವಳು ಹಾಗೆ ಅಂಜಿ ಮಾತಾಡಿದ್ದೇ ಇಲ್ಲ. ನಾನೆಂದು ತಿಳಿದದ್ದೇ, "ಅಮ್ಮಾ, ಐ ಟೋಲ್ಡ್ ಯೂ!" ಎಂದು ಅಳುತ್ತ ಕಟ್ ಮಾಡಿದಳು.

ಇವರು ಟಿವಿ ನೋಡುತ್ತಿದ್ದಾರೆ. ಅಲ್ಲಿ ಮಧ್ಯಾಹ್ನವಾಗಲು ಇನ್ನೂ ಹೊತ್ತಿದೆ. ಮೆಸೇಜು ಹಾಕಿದರೂ ಅವಳು ಬೆಚ್ಚಿಬೀಳುತ್ತಾಳೆ. ತಪ್ಪಾಯಿತು ಮಗಾ ಅನ್ನಲಿಕ್ಕೂ ಆ ಫೋನೇ ರಿಂಗಾಗಬೇಕಲ್ಲ.