ಅರ್ಧ ಬ್ಲೇಡಿನ ಡಬ್ಬಿ

ಮನೆಯಿಂದ, ಹೊಲಿಗೆ ಮಿಷನ್ನಿನ ಪಕ್ಕ ಕೂತು
ಮಂಗಳವಾರ, ಹದಿನಾಲ್ಕನೇ ತಾರೀಕು

ನನ್ನವರಿಗೆ,

ಹೇಗಿದ್ದೀರಿ? ಊಟ ಸೇರುತ್ತಿದೆಯೇ? ಗಣಿಯ ಕ್ಯಾಂಪಿನಲ್ಲಿ ದಿನವಿಡೀ ನಿಂತು ಗಿರಾಕಿಗಳ ತಲೆ ಕಟಿಂಗ್ ಮಾಡುವ ಕಾಲು, ಊದಿಕೊಂಡರೆ ದಿಂಬಿನ ಮೇಲೆ ಇಟ್ಟುಕೊಂಡು ಮಲಗಿ. ಮಗಳು ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ ಅಂತ ಬರೆದರೆ ಸುಳ್ಳಾಗುತ್ತದೆ. ನೀವು ಫೋನ್ ಇಟ್ಟು ಇವತ್ತಿಗೆ ಆರು ದಿನ. ಒಂಬತ್ತು ಸಲ ಮಾಡಿದೆ, ಎತ್ತಲಿಲ್ಲ. ಕಾಗದವನ್ನು ಕಟ್ ಮಾಡಲಾಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬಾಯಿ ತಪ್ಪಿದ್ದು ನನ್ನದೇ. ಪಿತ್ತಕೋಶದ ಕಲ್ಲು ತೆಗೆಯುವ ಮುಂಚೆ ಡಾಕ್ಟರು ನನ್ನ ರಕ್ತ ನೋಡಿದರು, ಹೆಪಟೈಟಿಸ್ ಸಿ ಅಂತ ಬಂತು. ಲಿವರಿನ ಕಾಯಿಲೆ, ರಕ್ತದಿಂದ ಹರಡುತ್ತದೆ, ಗಂಡ ಹೆಂಡತಿ ನಡುವೆಯೂ ಹರಡಬಹುದು ಅಂದರು. ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ನಿಮ್ಮ ತಂಗಿ ಬೇರೆ ಪಕ್ಕದಲ್ಲಿ ಕೂತು, "ಅತ್ತಿಗೆ, ಇದು ಏಡ್ಸಿಗೆ ದಾಯಾದಿಯಂತೆ" ಅಂದಳು. ಆಸ್ಪತ್ರೆಯ ಮೆಟ್ಟಿಲ ಮೇಲೇ ನಿಂತು, "ಯಾವಳ ಹತ್ರದಿಂದ ತಂದ್ರಿ ಇದನ್ನ?" ಅಂತ ನಿಮಗೆ ಫೋನಿನಲ್ಲಿ ಕೂಗಿದೆ. ನಿಮ್ಮದು ಸ್ಪೀಕರಿನಲ್ಲಿತ್ತು, ಕುರ್ಚಿಯಲ್ಲಿ ಗಿರಾಕಿ ಕೂತಿದ್ದ ಅಂತ ನನಗೇನು ಗೊತ್ತು? "ನಿನ್ನ ಬಾಯಿಗೆ ಬೀಗ ಇಲ್ವಾ?" ಅಂದಿರಿ. ಅಷ್ಟೇ.

ನಿನ್ನೆ ಎರಡನೇ ಪರೀಕ್ಷೆಯ ರಿಪೋರ್ಟು ಬಂತು. ವೈರಸ್ ಈಗಲೂ ಮೈಯಲ್ಲಿದೆ. ಮೂರು ತಿಂಗಳು ಮಾತ್ರೆ ನುಂಗಬೇಕು, ನುಂಗಿದರೆ ಹೆಚ್ಚುಕಡಿಮೆ ಎಲ್ಲರಿಗೂ ಪೂರ್ತಿ ವಾಸಿಯಾಗುತ್ತದಂತೆ. ಅಲ್ಲೊಬ್ಬರು ನರ್ಸಮ್ಮ, ಕನ್ನಡಕ ಹಣೆಗೇರಿಸಿಕೊಂಡು ಮಾತಾಡುವವರು, ನನ್ನೊಬ್ಬಳನ್ನೇ ಕೂರಿಸಿಕೊಂಡರು. ವರ್ಷಗಟ್ಟಲೆ ಜೊತೆಗಿರುವ ಗಂಡಹೆಂಡಿರಲ್ಲಿ ಕೂಡುವುದರಿಂದ ಇದು ಹರಡುವುದು ತೀರಾ ಅಪರೂಪ, ಆದರೂ ಇಲ್ಲವೇ ಇಲ್ಲ ಅನ್ನುವಂತಿಲ್ಲ, ಮುಟ್ಟಿನ ದಿನ, ಗಾಯ ಇದ್ದಾಗ ಹುಷಾರು ಅಂದರು. "ಅಪರೂಪ ಅಂದ್ರೆ ಎಷ್ಟು ಮೇಡಂ?" ಅಂತ ಮೂರು ಸಲ ಕೇಳಿದೆ. ಅವರು ನನ್ನ ಬೆರಳು ಹಿಡಿದು ನೋಡಿ, ಈ ಗೀರುಗಳೇನು ಅಂದರು. ಹೇಳಿದೆ. ನೀವು ಇಲ್ಲಿ ಅಂಗಡಿ ಇಟ್ಟಿದ್ದಾಗ, ಗಿರಾಕಿಗಳ ಗಡ್ಡ ಹೆರೆದ ಅರ್ಧ ಬ್ಲೇಡುಗಳನ್ನು ಡಬ್ಬಿಯಲ್ಲಿ ತರುತ್ತಿದ್ದಿರಿ, "ಎಸೆಯೋ ಬದಲು ನಿನಗಾದ್ರೂ ಆಗ್ಲಿ" ಅಂತ. ನಾನು ಅದರಲ್ಲೇ ಹೊಲಿಗೆ ಬಿಚ್ಚುತ್ತಿದ್ದೆ. ಕೊಯ್ದುಕೊಂಡರೆ ಬೆರಳು ಬಾಯಿಗಿಟ್ಟು ಮತ್ತೆ ಕೆಲಸ. ನರ್ಸಮ್ಮ ತಲೆ ಮೇಲೆ ಕೈ ಹೊತ್ತರು. ಇದರಿಂದಲೇ ಬಂತಾ ಅಂದೆ. "ಬಂದಿರಬಹುದು. ಎಲ್ಲಿಂದ ಬಂದೆ ಅಂತ ಅದು ವಿಳಾಸ ಹೇಳಲ್ಲಮ್ಮ" ಅಂದರು.

ಆ ಬ್ಲೇಡು ನನಗಿಂತ ಮುಂಚೆ ಹಿಡಿದವರು ನೀವು. ನಿಮ್ಮ ಬೆರಳೂ ಎಷ್ಟು ಸಲ ಕೊಯ್ದಿಲ್ಲ? ಅದು ಬಿಟ್ಟರೂ, ಆ ಅಪರೂಪದ ಒಬ್ಬರು ನೀವೇ ಆಗಿ, ನನ್ನಿಂದಲೇ ನಿಮಗೆ ಬಂದಿದ್ದರೆ? ಮಿಷನ್ ತುಳಿಯುತ್ತಾ ಇದೇ ಯೋಚನೆ, ನಿನ್ನೆ ಒಂದು ಜುಬ್ಬಕ್ಕೆ ಎರಡೂ ಎಡಗೈ ತೋಳೇ ಕೂರಿಸಿಬಿಟ್ಟೆ. ನಿಮ್ಮ ತಂಗಿ ನನ್ನ ತಟ್ಟೆ ಲೋಟ ಬೇರೆ ಇಟ್ಟಿದ್ದಳು, ನರ್ಸಮ್ಮನ ಹತ್ತಿರ ಬೈಸಿಕೊಂಡು ತೆಗೆದಳು. ಒಟ್ಟಿಗೆ ಉಂಡರೆ ಬರುವುದಿಲ್ಲ. ರೇಜರು, ಹಲ್ಲುಜ್ಜುವ ಬ್ರಷ್ಷು ಮಾತ್ರ ಬೇರೆ ಇರಲಿ ಅಂದಿದ್ದಾರೆ. ಅಲ್ಲಿ ಒಂದೊಂದು ಗಡ್ಡಕ್ಕೂ ಹೊಸ ಬ್ಲೇಡೇ ಹಾಕಿ, ಉಳಿತಾಯ ನೋಡಬೇಡಿ.

ಮೈ ಜೋಪಾನ. ಮಗಳು ಅಪ್ಪನಿಗೆ ಮುತ್ತು ಕಳಿಸಿದ್ದಾಳೆ. ಮುತ್ತಿನಿಂದಲೂ ಬರುವುದಿಲ್ಲ, ಕೇಳಿಕೊಂಡೇ ಬಂದಿದ್ದೇನೆ.

ಇಂತಿ,
ನಿಮ್ಮ ಮನೆಯವಳು

ಇದೊಂದು ಉಳಿಯಿತು: ಆಸ್ಪತ್ರೆಯ ಫಾರಂನಲ್ಲಿ ನಿಮ್ಮ ಬಗ್ಗೆಯೂ ಒಂದು ಸಾಲಿತ್ತು, ಗಂಡನಿಗೆ ಬೇರೆ ಸಂಬಂಧ ಉಂಟೇ ಅಂತ. ನಿಮ್ಮನ್ನು ಕೇಳದೆ "ಇಲ್ಲ" ಅಂತ ಬರೆದೆ. ಬರೆಯುವಾಗ ಯೋಚಿಸಲಿಲ್ಲ, ಈಗ ಯೋಚಿಸುತ್ತಿದ್ದೇನೆ. ತಪ್ಪಾಗಿದ್ದರೆ ಹೇಳಿ, ಹೋಗಿ ತಿದ್ದಿ ಬರುತ್ತೇನೆ. ಜಗಳ ಆಮೇಲೆ ಆಡೋಣ. ಮೊದಲು ಹೋಗಿ ಪರೀಕ್ಷೆಗೆ ರಕ್ತ ಕೊಡಿ.