ಮೂರನೇ ಸೀಟಿಗೆ ಇಬ್ಬರು

ಆಗಸ್ಟ್ 4, ಭಾನುವಾರ

ದೋಣಿ ರೇಸಿನ ಸ್ಪ್ರಿಂಟ್ ಸೀಸನ್ ಮುಗಿಯಿತು. ಡೇರೆ ಬಿಚ್ಚಿ, ಐಸ್ ಪೆಟ್ಟಿಗೆ ತೊಳೆದು, ಮಕ್ಕಳ ಹುಟ್ಟುಗಳನ್ನೆಲ್ಲ ಷೆಡ್ಡಿಗೆ ಸೇರಿಸಿ ಬಂದೆ. ನಲವತ್ತು ದಾಟಿದ ಹೆಂಗಸರ ನಮ್ಮ ದೋಣಿಗೆ ನಾಲ್ಕನೇ ಸ್ಥಾನ. ಹುಡುಗಿಯರ ದೋಣಿಗೆ ಎರಡನೆಯದು. ಅದರ ಮೂರನೇ ಸೀಟಿನಿಂದ “ಹಟ್... ಹೋ!” ಎಂದು ಕೂಗುತ್ತಿದ್ದವಳು ಮಹಿನಾ. ದಡದಲ್ಲಿ ನಿಂತು ಕೇಳಿದೆ. ಒಂದು ವರ್ಷದಿಂದ ಮಗಳ ದನಿ ನನಗೆ ಸಿಗುವುದು ಹೀಗೇ — ಹುಟ್ಟಿನ ಬದಿ ಬದಲಿಸಿ ಎಂದು ಬೇರೆಯವರಿಗೆ ಕೂಗುವಾಗ.

ಅವಳಪ್ಪ ಸಾಮಾನು ಕಟ್ಟಿದ ದಿನ “ನೀನೇ ಓಡ್ಸಿದ್ದು” ಎಂದಳು. ಅವನ ಹಿಂದೆಯೇ ಹೋದಳು. ನಾನು ಓಡಿಸಲಿಲ್ಲ. ತಡೆಯಲೂ ಇಲ್ಲ.

ಬಾಗಿಲಲ್ಲಿ ಚಪ್ಪಲಿ ಜೋಡಿಸಿಟ್ಟೆ. ಅದೊಂದೇ ಜೊತೆ. ಮಹಿನಾ ಇದ್ದಾಗ ಕಾಲಿಂದ ಕೊಡವಿ ಎಸೆಯುತ್ತಿದ್ದಳು. ಒಂದು ನೆಟ್ಟಗೆ, ಒಂದು ಬೋರಲು. ದಿನಾ ಬೈಯುತ್ತಿದ್ದೆ. ಈಗ ಬೈಯಲು ಏನೂ ಇಲ್ಲ.

ಆಗಸ್ಟ್ 8

ಕ್ಲಬ್ ಮೀಟಿಂಗ್. ಪ್ರತಿ ವರ್ಷದ ಜಗಳ. ಅರ್ಧ ಜನಕ್ಕೆ ಸಾಕಾಗಿದೆ, ಮಕ್ಕಳ ಸ್ಕೂಲು ಶುರು. ಉಳಿದವರಿಗೆ ಮೊಲೊಕಾಯಿ ದ್ವೀಪದಿಂದ ವೈಕಿಕಿಗೆ ಕಡಲು ದಾಟುವ ಹುಚ್ಚು. ನಮ್ಮ ಕೋಚ್ ಸೊಲೊಮೊನ ಅಂಕಲ್‌ಗೆ ಎರಡೂ ಬೇಕು.

“ಕಾಲು ಮೈಲಿ ಅಂದ್ರೆ ಹುಲಿಗಳು, ನಲವತ್ತು ಮೈಲಿ ಅಂದ ತಕ್ಷಣ ಬೆಕ್ಕುಗಳು! ಸ್ಪ್ರಿಂಟ್ ಇಲ್ದಿದ್ರೆ ಕ್ಲಬ್ಬಿಗೆ ಮಕ್ಕಳು ಬರಲ್ಲ. ಕಡಲು ದಾಟ್ದಿದ್ರೆ ದೊಡ್ಡೋರು ನಿಲ್ಲಲ್ಲ. ನಾನೇನ್ ಮಾಡ್ಲಿ?”

“ಅಂಕಲ್, ನನ್ನ ಭುಜ ಏನು ನಿಮ್ಮಪ್ಪನ ಮನೆ ಗಂಟಾ?” ಎಂದಳು ಲುವಾನಾ. ಹಿಂದೆ ಕೂತು ದೋಣಿ ತಿರುಗಿಸುವವಳು. ಬೈದರೂ ಕೈ ಎತ್ತಿದಳು.

ಕೈ ಎತ್ತಿದ ಹೆಂಗಸರು ಬರೀ ಒಂಬತ್ತು. ಆರು ದೋಣಿಯಲ್ಲಿ, ಮೂವರು ಬೆಂಗಾವಲು ಬೋಟಿನಲ್ಲಿ. ಹಾಗಾಗಿ ಕಿರಿಯರು ಹಿರಿಯರು ಎಲ್ಲ ಒಂದೇ ತಂಡ. ಮೂರನೇ ಸೀಟಿಗೆ ನಾನು ಮತ್ತು ಮಹಿನಾ, ಸರದಿಯಲ್ಲಿ.

“ತೂಕ ಒಂದೇ, ಗಂಟಲೂ ಒಂದೇ,” ಎಂದರು ಅಂಕಲ್. ಮಹಿನಾ ಫ್ಯಾನ್ ನೋಡುತ್ತಿದ್ದಳು. ಬೇಡ ಅನ್ನಲಿಲ್ಲ.

ಆಗಸ್ಟ್ 17

ಒಂದೇ ಸೀಟು ಅಂದರೆ ಎಂದೂ ಜೊತೆಯಾಗದ ಸೀಟು. ಅವಳು ದೋಣಿಯಲ್ಲಿದ್ದರೆ ನಾನು ಬೋಟಿನಲ್ಲಿ. ಆಮೇಲೆ ಬೋಟು ಮುಂದೆ ಹೋಗಿ ನಮ್ಮನ್ನು ನೀರಿಗಿಳಿಸುತ್ತದೆ. ಕೈ ಎತ್ತಿಕೊಂಡು ತೇಲುತ್ತೇವೆ. ದೋಣಿ ಬರುತ್ತದೆ. ಅವಳು ಬಲಕ್ಕೆ ಉರುಳುತ್ತಾಳೆ, ನಾನು ಎಡದಿಂದ ಹತ್ತುತ್ತೇನೆ. ಸೀಟು ಬೆಚ್ಚಗಿರುತ್ತದೆ. ಅಷ್ಟೇ.

“ಯಾರು ಇಳಿದ್ರು, ಯಾರು ಹತ್ತಿದ್ರು ಗೊತ್ತೇ ಆಗಲ್ಲ ಕಣೇ. ಅದೇ ಕೂಗು,” ಎಂದಳು ಲುವಾನಾ. ಮನೆವರೆಗೂ ಅದನ್ನೇ ಮೆಲುಕು ಹಾಕಿದೆ.

ತೋಳಿಗೆ ಇನ್ನೂ ಸ್ಪ್ರಿಂಟಿನ ಚಟ. ಮೊದಲೇ ಎಲ್ಲ ಸುರಿದುಬಿಡುತ್ತೇನೆ. “ಇವಾ, ಬಸ್ ತಪ್ಪೋಗತ್ತಾ? ಉದ್ದಕ್ಕೆ ಎಳಿ, ಉಳಿಸ್ಕೊ!” — ನನಗೆ ಅಂಕಲ್.

ಸೆಪ್ಟೆಂಬರ್ 1

ಬರೆಯಲು ಆಗಿರಲಿಲ್ಲ. ನಡುಗಡಲಿನಲ್ಲಿ ಹೊಟ್ಟೆ ತೊಳಸುತ್ತದೆ. ಯಾರಿಗೂ ಹೇಳಿಲ್ಲ. ಇರುವುದೇ ಒಂಬತ್ತು ಜನ. ನಾನು ಬಿದ್ದರೆ ತಂಡವೇ ಇಲ್ಲ. ಆ ಸೀಟೂ ಇಲ್ಲ.

ಇವತ್ತು ಹತ್ತಿದೆ, ಮಹಿನಾ ಇಳಿದಿರಲಿಲ್ಲ. ಒಂದು ಸೀಟು, ಇಬ್ಬರು, ಅರ್ಧರ್ಧ ಕುಂಡೆ. ಅವಳ ಒದ್ದೆ ಭುಜ ನನ್ನ ಭುಜಕ್ಕೆ.

ಬೋಟಿನಿಂದ ಅಂಕಲ್: “ಏಳು ಜನ! ಏನು, ಮದುವೆ ದಿಬ್ಬಣವಾ? ರೇಸಲ್ಲಿ ಹಿಂಗ್ ಮಾಡಿದ್ರೆ ಪೆನಾಲ್ಟಿ!”

“ನಿನ್ ಕೈ ನಡುಗ್ತಿದೆ,” ಎಂದಳು ಮಹಿನಾ. ನೀರಿಗೆ ಉರುಳಿದಳು.

ನನಗೇ ಹೇಳಿದ್ದು. ವರ್ಷದ ಮೇಲೆ ನನಗೇ. ಏನೋ ಉತ್ತರಿಸಬೇಕಿತ್ತು. “ಹಟ್” ಎಂದೆ.

ಇಳಿಯೋ ಕೂಗು ಅಲೆ ಸದ್ದಿಗೆ ಕೇಳಿಸಲಿಲ್ಲ ಅಂತ ಅಂಕಲ್‌ಗೆ ಸಬೂಬು ಹೇಳಿದಳಂತೆ. ಇರಬಹುದು.

ಸೆಪ್ಟೆಂಬರ್ 21, ಮೊಲೊಕಾಯಿ

ನಾಳೆ ರೇಸು. ಎಲ್ಲರೂ ಒಂದೇ ಹಾಲ್‌ನಲ್ಲಿ, ಚಾಪೆ ಮೇಲೆ. ಅವಳು ಆ ಗೋಡೆ, ನಾನು ಈ ಗೋಡೆ. ಎದ್ದು ಅವಳತ್ತ ಅರ್ಧ ದಾರಿ ಹೋದೆ. ಲುವಾನಾ ಹತ್ತಿರ ಸನ್‌ಸ್ಕ್ರೀನ್ ಕೇಳಿ ವಾಪಸು ಬಂದೆ. ನನ್ನ ಚೀಲದಲ್ಲಿ ಎರಡಿವೆ.

ಸೆಪ್ಟೆಂಬರ್ 22, ಸಂಜೆ

ದಾಟಿದೆವು. ಹನ್ನೊಂದನೆಯವರು. ಕೈ ಬರುತ್ತಿಲ್ಲ, ಅಕ್ಷರ ಸೊಟ್ಟ.

ಮೊದಲ ಸಲ ಹತ್ತಿದಾಗ ಸೀಟಿನ ಪಕ್ಕ, ದೋಣಿಯಂಚಿಗೆ ಟೇಪಿನಿಂದ ಏನೋ ಅಂಟಿಸಿತ್ತು. ಉಪ್ಪು ಹಾಕಿ ಒಣಗಿಸಿದ ಪ್ಲಮ್. ಒಂದೇ ಒಂದು. ಅವಳು ಚಿಕ್ಕವಳಿದ್ದಾಗ ಅಪ್ಪನ ಮೀನು ಬೋಟಿನಲ್ಲಿ ವಾಂತಿ ಬಂದರೆ ಅವಳ ನಾಲಿಗೆ ಕೆಳಗೆ ನಾನು ಇಡುತ್ತಿದ್ದದ್ದು. ಬಾಯಿಗೆ ಹಾಕಿಕೊಂಡೆ. ಅಳು ಬಂತು. ಅಳುತ್ತಲೇ ಹಟ್-ಹೋ ಕೂಗಿದೆ. ಯಾರಿಗೂ ತಿಳಿದಿರಲಾರದು, ಮುಖವೆಲ್ಲ ಉಪ್ಪುನೀರೇ.

ಆಮೇಲೆ ಪ್ರತಿ ಸಲವೂ ಒಂದು ಇತ್ತು. ನನ್ನ ಹತ್ತಿರ ಅವಳಿಗೆ ಬಿಡಲು ಏನೂ ಇರಲಿಲ್ಲ. ಉರುಳುವ ಮುಂಚೆ ಹುಟ್ಟಿನ ಹಿಡಿ ಅವಳ ಕೈಗೆ ಸಿಗುವಂತೆ ತಿರುಗಿಸಿಟ್ಟೆ.

ಕೊನೆಯ ಸರದಿ ಅವಳದು. ನಾನು ಬೋಟಿನಲ್ಲಿ ಬಂದರಿಗೆ ಹೋಗಿ, ಅಲ್ಲಿಂದ ವೈಕಿಕಿ ದಡಕ್ಕೆ ನಡೆದು ಬರುವಷ್ಟರಲ್ಲಿ ಹಾರ ಹಾಕಿ, ಫೋಟೊ ಹಿಡಿದು ಮುಗಿದಿತ್ತು. “ಈಗಷ್ಟೇ ಹೋದ್ಳು, ಅವರಪ್ಪನ ಕಾರಲ್ಲಿ,” ಎಂದಳು ಲುವಾನಾ. ಒಬ್ಬಳೇ ಬಂದೆ. ಅನ್ನ ಮಾಡಿದೆ. ಅಭ್ಯಾಸಬಲ, ಜಾಸ್ತಿಯಾಗಿದೆ. ತಿನ್ನಲು ಮನಸ್ಸಿಲ್ಲ.

ಹೊರಗೆ ಕಾರು ನಿಂತಿತು. ಲುವಾನಾ ಇರಬೇಕು, ಐಸ್ ಪೆಟ್ಟಿಗೆ ನನ್ನಲ್ಲೇ ಉಳಿದಿದೆ.

ಚಪ್ಪಲಿ ಬಿದ್ದ ಸದ್ದು. ಒಂದು. ಸ್ವಲ್ಪ ತಡೆದು ಇನ್ನೊಂದು, ಗೋಡೆಗೆ ಬಡಿದು. ಲುವಾನಾ ಹಾಗೆ ಎಸೆಯುವವಳಲ್ಲ.

ಕೂತಲ್ಲಿಂದಲೇ ಕಾಣುತ್ತಿದೆ. ಒಂದು ನೆಟ್ಟಗೆ, ಒಂದು ಬೋರಲು.

ಬೈಯಬಾರದು. ಬೈಯಲೇಬಾರದು. ಮೊದಲು ಅನ್ನ ಬಿಸಿ ಮಾ—