ಕಾವಲಿಯ ಗುರುತು

ಡೊಂಬಿವಲಿ ಪೂರ್ವ
೧೯ ಜನವರಿ ೨೦೨೫, ಭಾನುವಾರ

ಪ್ರೀತಿಯ ಚಿನ್ನು,

ಅಪ್ಪ ಮಾಡುವ ಆಶೀರ್ವಾದಗಳು. ಶೀತ ಇಳಿಯಿತೇ? ಮೊನ್ನೆ ಫೋನಿನಲ್ಲಿ ಮಾತಿಗೊಮ್ಮೆ ಮೂಗು ಎಳೆಯುತ್ತಿದ್ದೆ. ಕಾಲಿಗೆ ಉಣ್ಣೆಯ ಚೀಲ ಹಾಕಿಕೊಳ್ಳುತ್ತೀಯೋ ಇಲ್ಲವೋ? ಆ ಊರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ ಎಂದು ನೀನು ಹೇಳಿದಂದಿನಿಂದ ನಿನ್ನ ಅಮ್ಮ ಇಲ್ಲಿ ನಾಲ್ಕಕ್ಕೇ ದೇವರಿಗೆ ದೀಪ ಹಚ್ಚುತ್ತಿದ್ದಾಳೆ. ಅಲ್ಲಿ ನಾಲ್ಕಾದಾಗ ಇಲ್ಲಿ ರಾತ್ರಿ ಒಂಬತ್ತೂವರೆ ಮಾರಾಯ್ತಿ ಎಂದರೆ, "ದೇವರಿಗೆ ಅದೆಲ್ಲ ಗೊತ್ತುಂಟು, ನೀವು ಗಲ್ಲಾ ನೋಡಿಕೊಳ್ಳಿ" ಎನ್ನುತ್ತಾಳೆ. ನಾವೆಲ್ಲ ಕ್ಷೇಮ. ನನ್ನ ಸಕ್ಕರೆ ಹದದಲ್ಲಿದೆ, ಬಾಯಿ ಮಾತ್ರ ಹದದಲ್ಲಿಲ್ಲ ಎಂದು ಶ್ರೀಮತಿಯವರ ಅಂಬೋಣ.

ಕೈಯಲ್ಲಿ ಫೋನಿರುವಾಗ ಅಪ್ಪನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಿನಗೆ ಅನ್ನಿಸಬಹುದು. ಫೋನು ಮಾಡಿದಾಗಲೆಲ್ಲ ನಿನ್ನ ಪಕ್ಕದಲ್ಲಿ ನೀನಿರುವ ಹೋಟೆಲಿನ ಯಜಮಾನ ರಮಾಕಾಂತ ಇರುತ್ತಾನೆ, ಇಲ್ಲವೇ ಅವನ ಹೆಂಡತಿ ಇರುತ್ತಾಳೆ. ನೀನು "ಎಲ್ಲ ಆರಾಮ ಅಪ್ಪ" ಎನ್ನುತ್ತೀ, ನಾನು "ಹಾಗಾದರೆ ಸರಿ" ಎನ್ನುತ್ತೇನೆ. ಅದಕ್ಕೇ ಈ ಕಾಗದ. ನಮ್ಮ ಮೇಲಿನ ಮಹಡಿಯ ಬೆಂಗಳೂರಿನವರ ಮಗ, ನಿನ್ನ ಕಾಲೇಜಿನಲ್ಲೇ ಓದುವ ಸುಮುಖ, ಗುರುವಾರ ಇಂಗ್ಲೆಂಡಿಗೆ, ನಿಮ್ಮ ಕೊವೆಂಟ್ರಿಗೆ ವಾಪಸು ಹೊರಟಿದ್ದಾನೆ. ಇದನ್ನು ಕಾಲೇಜಿನಲ್ಲಿಯೇ ನಿನ್ನ ಕೈಗೆ ಕೊಡಬೇಕು, ರಮಾಕಾಂತನ ಹೋಟೆಲಿಗೆ ಒಯ್ಯಬಾರದು ಎಂದು ಎರಡೆರಡು ಸಲ ಹೇಳಿದ್ದೇನೆ. ಜೊತೆಗೆ ಅಮ್ಮ ಮಾಡಿದ ಸಾರಿನ ಪುಡಿಯ ಡಬ್ಬಿ ಇದೆ. ಅದು ನಿನಗೆ, ಆ ಹೋಟೆಲಿನ ಅಡುಗೆಮನೆಗಲ್ಲ.

ಮೊದಲು ಇಲ್ಲಿಯ ಸುದ್ದಿ. ಮನೀಶನ ಕೆಲಸ ರಬಾಳೆಯ ಕಂಪನಿಯಲ್ಲಿ ಖಾಯಂ ಆಯಿತು. ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸುವ ನೂಕಾಟದಲ್ಲಿ ನಿನ್ನೆ ಒಂದು ಚಪ್ಪಲಿ ಕಳೆದುಕೊಂಡು, ಇನ್ನೊಂದನ್ನು ಜೋಪಾನವಾಗಿ ಮನೆಗೆ ತಂದಿದ್ದಾನೆ. ಒಂಟಿ ಚಪ್ಪಲಿ ಯಾರಿಗೆ ಎಂದು ಕೇಳಿದರೆ "ಪಪ್ಪಾ, ಟೆನ್ಶನ್ ನಹೀ ಲೇನೇ ಕಾ" ಎನ್ನುತ್ತಾನೆ. ನಿನ್ನ ತಮ್ಮನಿಗೆ ಟೆನ್ಶನ್ ಇಲ್ಲದ್ದರಿಂದಲೇ ಅವನ ಪಾಲಿನದೂ ನನಗೆ ಬಂದಿದೆ. ನಮ್ಮ ಹೋಟೆಲು ನಡೆಯುತ್ತಿದೆ. ಎಂಐಡಿಸಿ ಕಾರ್ಖಾನೆಗಳ ಇಂಜಿನಿಯರುಗಳು ಬೆಳಿಗ್ಗೆ ಎಂಟಕ್ಕೇ ಸಾಲು ನಿಲ್ಲುತ್ತಾರೆ. ದೋಸೆ ಮಾಡುವ ಸಾತ್ವಿಕ ಇದೇ ೨೯ಕ್ಕೆ ರಜೆ ಕೇಳಿದ್ದಾನೆ, ಊರಿನಲ್ಲಿ ತಂಗಿಯ ನಿಶ್ಚಿತಾರ್ಥವಂತೆ. ಅವನಿಲ್ಲದಿದ್ದರೆ ದೋಸೆಯಿಲ್ಲ, ದೋಸೆಯಿಲ್ಲದಿದ್ದರೆ ಗಿರಾಕಿಗಳಿಲ್ಲ. ನೋಡೋಣ ಎಂದಷ್ಟೇ ಹೇಳಿ ಇಟ್ಟಿದ್ದೇನೆ.

ಇನ್ನು ವಿಷಯಕ್ಕೆ ಬರುತ್ತೇನೆ, ಸಿಟ್ಟು ಮಾಡಬೇಡ. ಸಂಕ್ರಾಂತಿಯ ದಿನ ನೀನು ವಿಡಿಯೋ ಫೋನು ಮಾಡಿದೆಯಲ್ಲ, ಅಮ್ಮ ಎಳ್ಳುಂಡೆ ತೋರಿಸಿ ನಿನ್ನ ಹೊಟ್ಟೆ ಉರಿಸುತ್ತಿದ್ದಳು. ನೀನು ನಗುತ್ತ ಕೂದಲು ಹಿಂದಕ್ಕೆ ಸರಿಸಲು ಬಲಗೈ ಎತ್ತಿದೆ. ಅಂಗಿಯ ತೋಳು ಮೇಲೆ ಸರಿಯಿತು. ಮೊಣಕೈಯ ಕೆಳಗೆ, ಒಳಬದಿಯಲ್ಲಿ, ಅಡ್ಡಡ್ಡ ಮೂರು ಕೆಂಪು ಗೆರೆ. ನಿನ್ನ ಅಮ್ಮ ಕೇಳಿದ್ದಕ್ಕೆ ಇಸ್ತ್ರಿ ತಾಗಿತು ಎಂದೆ. ಅವಳು ನಂಬಿದಳು. ಇಸ್ತ್ರಿ ಮೂರು ಸಲ ಒಂದೇ ಅಂತರದಲ್ಲಿ ತಾಗುವುದಿಲ್ಲ ಚಿನ್ನು. ದೊಡ್ಡ ಕಾವಲಿಯ ಆಚೆ ಬದಿಯ ದೋಸೆ ಎಬ್ಬಿಸಲು ಕೈ ಚಾಚಿದಾಗ ಈಚೆಯ ಅಂಚು ತಾಗುವ ಜಾಗ ಅದು. ಸಾತ್ವಿಕನ ಕೈಯಲ್ಲಿದೆ. ನನ್ನ ಕೈಯಲ್ಲಿಯೂ ಇದೆ, ನೀನು ಸಣ್ಣವಳಿದ್ದಾಗ ಅದನ್ನು ರೈಲು ಹಳಿ ಎನ್ನುತ್ತಿದ್ದೆ. ಆ ಮಂಗಳವಾರ ಅಲ್ಲಿ ಬೆಳಿಗ್ಗೆ ಹನ್ನೊಂದೂವರೆ, ನಿನಗೆ ಕ್ಲಾಸು ಇರಬೇಕಾದ ಹೊತ್ತು. ನಿನ್ನ ಹಿಂದೆ ಯಾರೋ ಎರಡು ಮಸಾಲೆ, ಒಂದು ಸೆಟ್ ಎಂದು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಮರುದಿನ ಸುಮುಖನನ್ನು ಹೋಟೆಲಿಗೆ ಕರೆದು, ರವಾ ಇಡ್ಲಿ ಕೊಟ್ಟು ಕೂರಿಸಿ ಕೇಳಿದೆ. ಪಾಪದ ಹುಡುಗ, ಚಟ್ನಿಯನ್ನೇ ನೋಡುತ್ತ ಕುಳಿತ. ನಾನು ಕನ್ನಡದಲ್ಲಿ ಕೇಳುವುದು, ಅವನು ಮರಾಠಿಯಲ್ಲಿ ಹೇಳುವುದು. "ಕಾಕಾ, ತಿಲಾ ಸಾಂಗೂ ನಕಾ" ಎಂದು, ತಾನು ಹೇಳಿದ್ದು ನಿನಗೆ ತಿಳಿಯಬಾರದೆಂದು ಬೇಡಿಕೊಂಡು, ಆಮೇಲೆ ಎಲ್ಲ ಹೇಳಿದ. ನವೆಂಬರಿನಿಂದ ನೀನು ಅರ್ಧಕ್ಕರ್ಧ ಕ್ಲಾಸಿಗೆ ಹೋಗಿಲ್ಲ. ಹಾಜರಿ ಸಾಲದೆಂದು ಕಾಲೇಜಿನಿಂದ ಎರಡು ಸಲ ಎಚ್ಚರಿಕೆ ಬಂದಿದೆ. ಇನ್ನೊಂದು ಸಲ ತಪ್ಪಿದರೆ ವೀಸಾದವರಿಗೆ ಬರೆಯುತ್ತಾರೆ. ಓದಲು ಹೋದವರು ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ಕೆಲಸ ಮಾಡಬಾರದು, ಸಂಬಳವಿಲ್ಲದ ಕೆಲಸವೂ ಕೆಲಸವೇ ಎಂದೂ ಅವನೇ ಹೇಳಿದ. ೨೯ರ ಪರೀಕ್ಷೆಗೆ ನೀನು ಕೂರದಿದ್ದರೆ ಮುಂದಿನ ಅವಧಿಗೆ ಸೇರಿಸಿಕೊಳ್ಳುವುದೇ ಅನುಮಾನವಂತೆ. ಪರೀಕ್ಷೆ ಮಾರ್ಚಿಗೆ ಹೋಯಿತೆಂದು ನಮಗೆ ಹೇಳಿದ್ದೆಯಲ್ಲ! ಅವತ್ತಿನಿಂದ ನನಗೆ ನಿದ್ದೆಯಿಲ್ಲ. ಕೊಳಾಯಿ ನೀರಿನ ವಾಸನೆ ಹಿಡಿದು, ಇದನ್ನು ಹೇಗೆ ಶುದ್ಧ ಮಾಡುತ್ತಾರೆ ಎಂದು ಆರನೇ ಕ್ಲಾಸಿನಲ್ಲಿ ನನ್ನ ತಲೆ ತಿಂದವಳು ನೀನು. ಅದನ್ನೇ ಓದಲು ಅಷ್ಟು ದೂರ ಹೋದವಳನ್ನು ಅರ್ಧದಲ್ಲಿ ಹಿಂದಕ್ಕೆ ಕಳಿಸಿದರೆ ನನ್ನ ಮಗಳು ಏನಾಗುತ್ತಾಳೆ?

ತಪ್ಪು ನಿನ್ನದೆಂದು ನಾನು ಹೇಳುವುದಿಲ್ಲ. ನಿನಗೆ ಹಾಸ್ಟೆಲು ಸಿಕ್ಕಿತ್ತು. ಅಪರಿಚಿತರ ನಡುವೆ ಯಾಕೆ, ರಮಾಕಾಂತನ ಹೋಟೆಲಿನ ಮೇಲೆ ಕೋಣೆಯಿದೆ ಎಂದು ಬಿಡಿಸಿದವನು ನಾನು. ಅವನಿಗೆ ಕಾಗದ ಬರೆದವನೂ ನಾನೇ: ಮಗಳನ್ನು ಕಳಿಸುತ್ತಿದ್ದೇನೆ, ನಿಮ್ಮ ಮನೆಯವಳೆಂದು ತಿಳಿಯಿರಿ. ನಮ್ಮ ಹೋಟೆಲಿನವರಲ್ಲಿ ಇದು ತಲೆಮಾರುಗಳಿಂದ ನಡೆದುಬಂದ ಕ್ರಮ. ಊರಿನಿಂದ ಒಂದು ಕಾಗದ ಹಿಡಿದು ಬಂದವರಿಗೆ ಊಟ, ಮಲಗಲು ಜಾಗ, ಮನೆಯವರೆಂಬ ಮರ್ಯಾದೆ. ಬಾಡಿಗೆ ಕೇಳುವುದಿಲ್ಲ, ಸಂಬಳ ಹೇಳುವುದಿಲ್ಲ. ಸಂಬಳದವರಿಗೆ ಪಾಳಿಯಿದೆ, ವಾರದ ರಜೆಯಿದೆ. ಮನೆಯವರಿಗೆ ಅದೊಂದೂ ಇಲ್ಲ. ಕೆಳಗೆ ಗಿರಾಕಿಗಳು ಕಾಯುತ್ತಿರುವಾಗ ಮೇಲೆ ಪುಸ್ತಕ ಹಿಡಿದು ಕೂರುವುದು ಹೇಗೆ ಎಂದು ಮನೆಯವರಿಗೇ ನಾಚಿಕೆಯಾಗುತ್ತದೆ. ನಿನಗೂ ಹಾಗೇ ಆಗಿರಬೇಕು. ಯಾರೂ ಗದರಿಸಿರಲಾರರು. ರಮಾಕಾಂತ ಕೆಟ್ಟವನಲ್ಲ. "ಇವತ್ತೊಂದು ದಿನ ನಿಲ್ಲು ಮಗಾ" ಎಂದಿರುತ್ತಾನೆ, ಅಷ್ಟೇ.

ನನ್ನ ಕಷ್ಟವನ್ನೂ ತಿಳಿದುಕೊ. ಪಿಯುಸಿ ಮುಗಿಸಿ ನಾನು ಠಾಣೆಗೆ ಬಂದಾಗ ಹೀಗೇ ಒಂದು ಕಾಗದ ಹಿಡಿದು ಬಂದದ್ದು ರಮಾಕಾಂತನ ತಂದೆಯವರ ಹೋಟೆಲಿಗೆ. ಒಂಬತ್ತು ವರ್ಷ ಅವರ ಅನ್ನ ಉಂಡಿದ್ದೇನೆ. ನನಗೆ ಹೋಟೆಲಿನ ಕೆಲಸ ಕಲಿಸಿದವರು ಅವರು, ನಿನ್ನ ಅಮ್ಮನನ್ನು ನೋಡಲು ನನ್ನ ಜೊತೆ ಉಡುಪಿಗೆ ಬಂದವರು ಅವರು. ರಾತ್ರಿ ಕಾಲೇಜಿಗೂ ಅವರೇ ಸೇರಿಸಿದರು. ಓದು ನನಗೆ ಹತ್ತಲಿಲ್ಲ, ಬಿ.ಕಾಂ. ಕೊನೆಗೆ ನಾನೇ ಬಿಟ್ಟೆ, ಅದು ಬೇರೆ ಮಾತು. ಆ ಮನೆಯ ಮಗನ ಎದುರು ನಿಂತು ನೀನು ನನ್ನ ಮಗಳಿಗೆ ಹೀಗೆ ಮಾಡಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಮೂರು ಸಲ ನಂಬರು ಒತ್ತಿ ಇಟ್ಟುಬಿಟ್ಟೆ. ಹೋಟೆಲಿನಲ್ಲಿ ನನ್ನ ದನಿ ಕೇಳಿ ಗಿರಾಕಿಗಳೇ ಬೆಚ್ಚುತ್ತಾರೆ, ಅವನ ನಂಬರಿನ ಮುಂದೆ ಮಾತ್ರ ನಾನೇ ಬೆಚ್ಚುತ್ತೇನೆ. ನಾನು ಹೆದರುಪುಕ್ಕಲ ಎಂದರೆ ಅನ್ನು, ಬೇಸರವಿಲ್ಲ.

ಆದ್ದರಿಂದ ನೀನೇ ಹೇಗಾದರೂ ನಯವಾಗಿ ಹೇಳಿ ನೋಡು. ಪರೀಕ್ಷೆ ಮುಗಿಯುವ ತನಕ ಮಧ್ಯಾಹ್ನದ ಹೊತ್ತು ಮಾತ್ರ ಬಿಟ್ಟುಕೊಡಿ ಎಂದು ಅವನ ಹೆಂಡತಿಯ ಹತ್ತಿರ ಕೇಳು. ಅವರ ಮನಸ್ಸು ನೋಯದ ಹಾಗೆ, ಆದರೆ ಪರೀಕ್ಷೆ ತಪ್ಪದ ಹಾಗೆ. ನೀನು ಜಾಣೆ, ದಾರಿ ಹುಡುಕುತ್ತೀ. ಗೆರೆಗಳ ಮೇಲೆ ತೆಂಗಿನೆಣ್ಣೆ ಹಚ್ಚು, ಗುಳ್ಳೆ ಒಡೆಯಬೇಡ. ಅಮ್ಮನಿಗೆ ನಾನು ಏನೂ ಹೇಳಿಲ್ಲ, ನೀನೂ ಹೇಳಬೇಡ. ಊಟ ಬಿಡಬೇಡ. ಕೃಷ್ಣನು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಮನಸ್ಸಿಗೆ ಧೈರ್ಯ ಕೊಡಲಿ.

ಇಂತು ನಿನ್ನ
ಅಪ್ಪ

ತಾ.ಕ.: ಬುಧವಾರ, ಅವಸರದಲ್ಲಿ. ಸುಮುಖ ಚೀಲ ಕಟ್ಟುತ್ತಿದ್ದಾನೆ, ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ. ಅಮ್ಮ ಡಬ್ಬಿಗೆ ಬಟ್ಟೆ ಸುತ್ತುವಾಗ ಕಾಗದ ಸಿಕ್ಕಿ ಪೂರ್ತಿ ಓದಿದಳು. "ನಿಮಗೆ ಮಂಡೆ ಸಮ ಉಂಟಾ? ನೀವು ಹೇಳಲಿಕ್ಕೆ ಆಗದ್ದನ್ನು ಆ ಮಗು ಹೇಳಬೇಕಾ?" ಎಂದು ಕೇಳಿದಳು. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ, ಅವಳಿಗೂ ಇವತ್ತೇ ಹೇಳಿದೆ. ಓದು ನನಗೆ ಹತ್ತಿತ್ತು. ಬಿ.ಕಾಂ. ಕೊನೆಯ ಪೇಪರಿನ ದಿನ ದೋಸೆಯವನು ಹೇಳದೆ ಊರಿಗೆ ಹೋಗಿದ್ದ. ಅಂಗಿ ಹಾಕಿಕೊಂಡು ಹೊರಟವನಿಗೆ ರಮಾಕಾಂತನ ತಂದೆ, "ಮನೆಯವನಲ್ವಾ ಮಾರಾಯ, ಇವತ್ತೊಂದು ದಿನ ನಿಲ್ಲು" ಎಂದರು. ನಿಂತೆ. ಆಮೇಲೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನೀನು ಅಲ್ಲಿ ಯಾರ ಹತ್ತಿರವೂ ಏನನ್ನೂ ಕೇಳಬೇಕಾಗಿಲ್ಲ. ಈಗಷ್ಟೇ ರಮಾಕಾಂತನಿಗೆ ನಾನೇ ಫೋನು ಮಾಡಿ ಹೇಳಿದೆ: ಅವಳು ಓದಲು ಬಂದವಳು, ಶನಿವಾರ ಕೋಣೆ ಬಿಡುತ್ತಾಳೆ, ಇನ್ನು ಅಡುಗೆಮನೆಗೆ ಇಳಿಯುವುದಿಲ್ಲ. "ಅಪ್ಪ ಇದ್ದಿದ್ದರೆ ನಿನ್ನ ಬಾಯಿಂದ ಈ ಮಾತು ಬರ್ತಿತ್ತಾ?" ಎಂದ. ಬರುತ್ತಿರಲಿಲ್ಲ ಎಂದೆ. ಫೋನು ಇಟ್ಟ. ಇನ್ನು ಆ ಮನೆಯ ಬಾಗಿಲು ನನಗೆ ತೆರೆಯಲಿಕ್ಕಿಲ್ಲ, ಅದು ನನಗಿರಲಿ. ಸುಮುಖನ ಕ್ಲಾಸಿನ ಸ್ಪಂದನಾ ಎಂಬ ಮೈಸೂರಿನ ಹುಡುಗಿ ತನ್ನ ಕೋಣೆಯಲ್ಲಿ ನಿನಗೆ ಜಾಗ ಕೊಡುತ್ತಾಳೆ, ಮಾತಾಡಿ ಆಗಿದೆ.

ಸಾತ್ವಿಕನಿಗೆ ೨೯ಕ್ಕೆ ರಜೆ ಕೊಟ್ಟೆ. ಅವತ್ತು ಕಾವಲಿಯ ಮುಂದೆ ನಾನು ನಿಲ್ಲುತ್ತೇನೆ. ನಮ್ಮ ಮನೆಯಿಂದ ಒಬ್ಬರು ನಿಂತರೆ ಸಾಕು, ನೀನು ಪರೀಕ್ಷೆಗೆ ಹೋಗು.